ಗಂಡು ಸಾಲು, ಹೆಣ್ಣು ಸಾಲು: ಹೈಬ್ರಿಡ್ ಭತ್ತದ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಹೈಬ್ರಿಡ್ ಭತ್ತದ, ಅಂದರೆ ಎರಡು ಬೇರೆ ತಳಿ ಕೂಡಿಸಿ ಪಡೆಯುವ ಭತ್ತದ, ಬೀಜೋತ್ಪಾದನೆ ಬಗ್ಗೆ ಬರೆದಿದ್ದೆ. ಅದನ್ನು ಓದಿ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ: ತಂದೆ ತಳಿ, ತಾಯಿ ತಳಿಗಳನ್ನು ಹೇಗೆ ಆರಿಸುತ್ತಾರೆ? ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದ ಗದ್ದೆಗಳಲ್ಲಿ ನನ್ನ ಕೆಲಸವೇ ಇದಾಗಿತ್ತು. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದೊಂದನ್ನೇ ಎತ್ತಿಕೊಂಡಿದ್ದೇನೆ.

ಮಳವಳ್ಳಿ ತಾಲ್ಲೂಕಿನ ರೈತರೊಬ್ಬರು: ಮೇಡಂ, ತಂದೆ ತಾಯಿ ಎಷ್ಟು ಬೇರೆ ಬೇರೆ ಇದ್ರೆ ಹೈಬ್ರಿಡ್ ಅಷ್ಟು ಚೆನ್ನಾಗಿ ಬರುತ್ತೆ ಅಂತಾರೆ. ಹಂಗಾದ್ರೆ ನಮ್ಮ ರಾಜಮುಡಿನ ಜಯ ಜೊತೆ ಕೂಡಿಸಿದ್ರೆ ಸಾಕಲ್ವಾ? ಅವೆರಡಕ್ಕಿಂತ ಬೇರೆ ಬೇರೆ ಭತ್ತ ಎಲ್ಲಿದೆ?

ಅಣ್ಣಾ, ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. ಉಳಿದ ಅರ್ಧಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು.

ಮೊದಲು ಕೂಡಿಸುವ ಕಷ್ಟ ನೋಡಿ. ಭತ್ತದ ಒಂದೇ ಹೂವಿನಲ್ಲಿ ಗಂಡೂ ಇದೆ, ಹೆಣ್ಣೂ ಇದೆ. ಹೂ ಬಾಯಿ ತೆರೆಯುವ ಹೊತ್ತಿಗೇ ತನ್ನ ಪರಾಗ ತನ್ನ ಮೇಲೇ ಉದುರಿರುತ್ತದೆ. ಪಕ್ಕದ ಗಿಡದ ಪರಾಗಕ್ಕೆ ಅವಕಾಶ ಸಿಗುವುದು ನೂರಕ್ಕೆ ಒಂದು ಕಾಳಿಗೂ ಕಷ್ಟ. ಕತ್ತರಿ, ಚಿಮುಟ ಹಿಡಿದು ಒಂದೊಂದೇ ಹೂವಿನ ಗಂಡು ಭಾಗ ತೆಗೆದು ರಾಜಮುಡಿ ಮತ್ತು ಜಯವನ್ನು ಕೂಡಿಸಬಹುದು. ಆದರೆ ಹಾಗೆ ಸಿಗುವುದು ಒಂದು ಹಿಡಿ ಕಾಳು. ಎಕರೆಗೆ ಹೈಬ್ರಿಡ್ ಬೀಜ 6 ಕೆ.ಜಿ.ಯಾದರೂ ಬೇಕಲ್ಲ.

ಅದಕ್ಕೇ ಮೂರು ಸಾಲುಗಳ, ಅಂದರೆ ಮೂರು ತಳಿಗಳ, ಪದ್ಧತಿ ಬಂತು. ಎ ಲೈನ್ ಅಂದರೆ ಹೆಣ್ಣು ಸಾಲು, ಇದರ ಪರಾಗ ಸತ್ತಿರುತ್ತದೆ. ಬಿ ಲೈನ್ ಅದರ ಜೋಡಿ. ನೋಡಲು ತದ್ರೂಪ, ಆದರೆ ಪರಾಗ ಚೆನ್ನಾಗಿರುತ್ತದೆ. ಎ ಲೈನಿನ ಬೀಜ ಹೆಚ್ಚಿಸಲು ಇದನ್ನು ಬಳಸುತ್ತೇವೆ. ಆರ್ ಲೈನ್ ಗಂಡು ಸಾಲು. ಇದರ ಪರಾಗ ಎ ಲೈನಿಗೆ ಬಿದ್ದು ಹುಟ್ಟಿದ ಬೀಜವೇ ರೈತರಿಗೆ ಹೋಗುವ ಹೈಬ್ರಿಡ್. ಆ ಪೈರು ನಿಮ್ಮ ಗದ್ದೆಯಲ್ಲಿ ಕಾಳು ಕಟ್ಟಬೇಕಾದರೆ, ಸತ್ತ ಪರಾಗವನ್ನು ಬದುಕಿಸುವ ಜೀನ್ ಈ ಆರ್ ಲೈನಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ಗದ್ದೆ ತುಂಬ ಜೊಳ್ಳು. ಈ ಜೀನ್ ಎಲ್ಲ ಭತ್ತದಲ್ಲೂ ಇರುವುದಿಲ್ಲ. ಹಾಗಾಗಿ ಗಂಡು ಸಾಲಿನ ಆಯ್ಕೆ ಇಲ್ಲೇ ಅರ್ಧಕ್ಕರ್ಧ ಕಿರಿದಾಗುತ್ತದೆ.

ಇನ್ನು ಎತ್ತರದ ವಿಷಯ. ರಾಜಮುಡಿ ಎದೆಮಟ್ಟ ಬೆಳೆಯುತ್ತದೆ, ಜಯ ಗಿಡ್ಡ. ಜಯ, ಐಆರ್-8 ಎರಡಕ್ಕೂ ಗಿಡ್ಡ ಗುಣ ಬಂದದ್ದು ತೈವಾನಿನ ಡೀ-ಜಿಯೋ-ವೂ-ಜೆನ್ ಎಂಬ ಒಂದು ಭತ್ತದಿಂದ. ಆ ಜೀನ್ ಜೋಡಿಯಾಗಿ ಇದ್ದಾಗ ಮಾತ್ರ ಪೈರು ಗಿಡ್ಡವಾಗುತ್ತದೆ. ಒಂದು ಕಡೆಯಿಂದ ಮಾತ್ರ ಬಂದರೆ ಅಡಗಿ ಕೂರುತ್ತದೆ. ಅಂದರೆ ರಾಜಮುಡಿ, ಜಯ ಕೂಡಿಸಿದರೆ ಹುಟ್ಟುವ ಪೈರು ಎತ್ತರದ್ದೇ. ಅದಕ್ಕೆ ತಂದೆ ತಾಯಿಗಿಂತ ಜೋರಾಗಿ ಬೆಳೆಯುವ ಹೈಬ್ರಿಡ್ ಹುರುಪೂ ಸೇರಿ ಇನ್ನಷ್ಟು ಸೊಂಪಾಗಿ ಏಳುತ್ತದೆ. ಯೂರಿಯಾ ಬಿದ್ದು, ತೆನೆ ತೂಗಿದ ಮೇಲೆ ಒಂದು ಗಾಳಿಮಳೆ ಬಂದರೆ ಮಲಗಿಬಿಡುತ್ತದೆ. ನಾಲೆ ನೀರಿನ ಗದ್ದೆಯಲ್ಲಿ ಮಲಗಿದ ಭತ್ತ ಕೊಯ್ಯುವ ಪಾಡು ನಿಮಗೆ ನಾನು ಹೇಳಬೇಕಾಗಿಲ್ಲ.

ಹೂವಿನ ಕಾಲವೂ ಹೊಂದಬೇಕು. ರಾಜಮುಡಿ ನಿಧಾನದ ತಳಿ. ಗಂಡು ಸಾಲು ಹೂ ಬಿಡುವ ಹೊತ್ತಿಗೆ ಹೆಣ್ಣು ಸಾಲಿನ ತೆನೆ ಹಣ್ಣಾಗಿದ್ದರೆ ಬೀಜ ಎಲ್ಲಿಂದ ಬರಬೇಕು? ಒಂದನ್ನು ಮುಂಚೆ, ಇನ್ನೊಂದನ್ನು ಆಮೇಲೆ ಒಟ್ಲು (ಸಸಿಮಡಿ) ಹಾಕಿ ಸ್ವಲ್ಪ ಅಂತರ ಸರಿಮಾಡುತ್ತೇವೆ. ಅಂತರ ದೊಡ್ಡದಾದರೆ ಬೀಜ ಬೆಳೆಯುವ ರೈತರು ಸೋತುಹೋಗುತ್ತಾರೆ.

ಹಾಗಾಗಿ ತಂದೆ ತಾಯಿ ಬೇರೆ ಇದ್ದಷ್ಟೂ ಒಳ್ಳೆಯದು ಎಂಬ ಮಾತನ್ನು ನಾನು ಹೀಗೆ ತಿದ್ದುತ್ತೇನೆ. ಎತ್ತರ, ಹೂವಿನ ಕಾಲ, ಅಕ್ಕಿಯ ಗುಣ ಇವುಗಳಲ್ಲಿ ಅವೆರಡೂ ಹತ್ತಿರ ಇರಬೇಕು. ತೆಂಡೆ (ಬುಡದಿಂದ ಒಡೆಯುವ ಕವಲು), ತೆನೆಯ ಕಾಳಿನ ಸಂಖ್ಯೆ, ಕಾಳಿನ ತೂಕ, ಬೇರಿನ ಬಲ, ರೋಗ ತಡೆಯುವ ಶಕ್ತಿ ಇವುಗಳ ಹಿಂದಿರುವ ಜೀನುಗಳಲ್ಲಿ ಬೇರೆ ಇರಬೇಕು. ಒಂದರಲ್ಲಿ ಇರುವ ಕೊರತೆ ಇನ್ನೊಂದು ತುಂಬಬೇಕು. ಹುರುಪು ಬರುವುದು ಅಲ್ಲಿಂದ.

ರಾಜಮುಡಿಯನ್ನು ಕೈಬಿಡಿ ಅಂತ ನಾನು ಹೇಳುತ್ತಿಲ್ಲ, ಅಣ್ಣಾ. ಅದು ನೇರವಾಗಿ ಹೈಬ್ರಿಡ್ಡಿನ ತಂದೆಯಾಗಲಾರದು, ಅಷ್ಟೇ. ಒಳ್ಳೆಯ ಆರ್ ಲೈನಿಗೆ ಅದನ್ನು ಕೂಡಿಸಿ, ಮುಂದಿನ ಪೀಳಿಗೆಗಳಲ್ಲಿ ಗಿಡ್ಡ ಇರುವ, ಪರಾಗ ಬದುಕಿಸುವ, ಆದರೆ ರಾಜಮುಡಿಯ ಒಳ್ಳೆಯ ಜೀನು ಉಳಿಸಿಕೊಂಡ ಗಿಡಗಳನ್ನು ಹುಡುಕಬಹುದು. ವರ್ಷಗಳು ಹಿಡಿಯುವ ಕೆಲಸ. ಆದರೆ ಹೊಸ ತಂದೆ ಸಿಗುವ ದಾರಿ ಅದೇ.

ಕೆ.ಆರ್. ನಗರದಿಂದ ಒಬ್ಬ ಓದುಗರು: ಹೈಬ್ರಿಡ್ ಬೆಳೆದ ಗದ್ದೆಯಿಂದಲೇ ಬೀಜ ಇಟ್ಟುಕೊಳ್ಳಬಹುದೇ?

ಬೇಡ. ಮುಂದಿನ ಬೆಳೆಯಲ್ಲಿ ಎತ್ತರದ್ದೊಂದು, ಗಿಡ್ಡದ್ದೊಂದು, ಮುಂಚೆ ಹೂ ಬಿಡುವುದೊಂದು, ಆಮೇಲೆ ಬಿಡುವುದೊಂದು ಎದ್ದು ಗದ್ದೆಯೆಲ್ಲ ಬೆರಕೆಯಾಗುತ್ತದೆ. ಪರಾಗ ಬದುಕಿಸುವ ಜೀನ್ ಸಿಗದ ಗಿಡಗಳು ಜೊಳ್ಳು ನಿಲ್ಲುತ್ತವೆ. ಬೀಜಕ್ಕೆ ಪ್ರತಿ ಸಲ ದುಡ್ಡು ಕೊಡುವುದು ಭಾರ ಅನಿಸಿದರೆ ತನು, ಐಆರ್-64ರಂಥ ಸಾಮಾನ್ಯ ತಳಿ ಹಾಕಿ. ಅದರ ಬೀಜ ಸ್ವಂತಕ್ಕೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಕೃಷಿ ಎಂ.ಎಸ್ಸಿ. ವಿದ್ಯಾರ್ಥಿನಿ, ಮಂಡ್ಯ: ಮೇಡಂ, ನಾನು ಕೆಲವು ಬಿ ಲೈನ್ ಮತ್ತು ಆರ್ ಲೈನ್‌ಗಳ ಡಿಎನ್‌ಎಯನ್ನು ಎಸ್‌ಎಸ್‌ಆರ್ ಮಾರ್ಕರ್‌ಗಳಿಂದ ಹೋಲಿಸಿ ನೋಡಿದೆ. ತೀರಾ ದೂರ ಅಂತ ತೋರಿಸಿದ ಜೋಡಿಯ ಹೈಬ್ರಿಡ್, ಮಧ್ಯಮ ದೂರದ ಜೋಡಿಯ ಹೈಬ್ರಿಡ್‌ಗಿಂತ ಕಡಿಮೆ ಇಳುವರಿ ಕೊಟ್ಟಿದೆ. ನನ್ನ ಲೆಕ್ಕ ತಪ್ಪಿದೆಯಾ?

ನಿನ್ನ ಲೆಕ್ಕ ತಪ್ಪಿಲ್ಲ, ಮಗಳೇ. ಈ ಪ್ರಶ್ನೆ ಓದಿ ನನಗೆ ತುಂಬಾ ಖುಷಿಯಾಯಿತು. ಗದ್ದೆ ಹೇಳಿದ್ದನ್ನು ನಂಬುವುದೋ, ಡಿಎನ್‌ಎ ಪರೀಕ್ಷೆಯ ಜೆಲ್ ಮೇಲಿನ ಪಟ್ಟಿ ಹೇಳಿದ್ದನ್ನು ನಂಬುವುದೋ ಎಂಬ ಗೊಂದಲ ಈ ಕೆಲಸಕ್ಕೆ ಇಳಿದ ಎಲ್ಲರಿಗೂ ಬರುತ್ತದೆ.

ಎಸ್‌ಎಸ್‌ಆರ್ ಮಾರ್ಕರ್ ಅಂದರೆ ಡಿಎನ್‌ಎಯಲ್ಲಿ ಎರಡು ಮೂರು ಅಕ್ಷರಗಳು ಮತ್ತೆ ಮತ್ತೆ ಬರುವ ಜಾಗ. ಆ ಪುನರಾವರ್ತನೆ ಒಂದು ತಳಿಯಲ್ಲಿ ಉದ್ದ, ಇನ್ನೊಂದರಲ್ಲಿ ಗಿಡ್ಡ. ಭತ್ತದ 12 ಜೋಡಿ ಕ್ರೋಮೋಸೋಮುಗಳ ಮೇಲೂ ಇಂಥ ಜಾಗಗಳು ಸಾವಿರಾರು ಇವೆ. ಹೆಚ್ಚಿನವಕ್ಕೆ ಇಳುವರಿಯ ಜೊತೆ ಯಾವ ನಂಟೂ ಇಲ್ಲ. ಅವುಗಳಿಂದ ಮಾತ್ರ ಹೈಬ್ರಿಡ್ಡಿನ ಇಳುವರಿ ಹೇಳಲು ಹೊರಟರೆ, ಬಾಗಿಲ ಮೇಲಿನ ಮನೆ ನಂಬರ್ ನೋಡಿ ಒಳಗಿರುವವರ ಗುಣ ಹೇಳಿದ ಹಾಗಾಗುತ್ತದೆ. ಒಟ್ಟಾರೆ ದೂರ ಗೊತ್ತಾಗುತ್ತದೆ, ಕೊರತೆ ತುಂಬುವ ಜೀನುಗಳು ಎಲ್ಲಿ ಕೂತಿವೆ ಅನ್ನುವುದು ಗೊತ್ತಾಗುವುದಿಲ್ಲ.

ಇನ್ನೊಂದು ಕಾರಣವೂ ಇದೆ. ದೂರ ತೀರಾ ಜಾಸ್ತಿಯಾದರೆ ಕೂಡುವಿಕೆಯೇ ಕೆಡುತ್ತದೆ. ನಮ್ಮ ಕಡೆಯ ಭತ್ತ ಹೆಚ್ಚಾಗಿ ಇಂಡಿಕಾ ಗುಂಪಿನದು, ಜಪಾನ್ ಕಡೆಯದು ಜಪೋನಿಕಾ. ಇವೆರಡನ್ನು ಕೂಡಿಸಿದರೆ ಪೈರು ಅದ್ಭುತವಾಗಿ ಏಳುತ್ತದೆ. ಎಲೆ ಅಗಲ, ತೆನೆ ದೊಡ್ಡದು. ಹತ್ತಿರ ಹೋಗಿ ತೆನೆ ಹಿಚುಕಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಜೊಳ್ಳು ಇರುತ್ತದೆ. 1980ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಎರಡೂ ಗುಂಪಿನ ಜೊತೆ ಹೊಂದಿಕೊಳ್ಳುವ ಜೀನ್ ಇರುವ ಭತ್ತಗಳನ್ನು ಗುರುತಿಸಿದರು. ಅಂಥ ಸೇತುವೆ ಜೀನ್ ಇಲ್ಲದೆ ಆ ದೂರದ ಲಾಭ ಚೀಲಕ್ಕೆ ಬರುವುದಿಲ್ಲ. ನಿನ್ನ ತೀರಾ ದೂರದ ಜೋಡಿಯಲ್ಲಿ ಒಂದು ಕಡೆ ಜಪೋನಿಕಾ ರಕ್ತ ಇದೆಯಾ, ವಂಶಾವಳಿ ತೆಗೆದು ನೋಡು. ಹೈಬ್ರಿಡ್ಡಿನ ತೆನೆಯಲ್ಲಿ ತುಂಬಿದ ಕಾಳು ಎಷ್ಟು, ಜೊಳ್ಳು ಎಷ್ಟು ಅಂತ ಬಿಡಿಸಿ ಎಣಿಸಿದ್ದೀಯಾ? ಒಟ್ಟು ಇಳುವರಿ ಒಂದನ್ನೇ ಬರೆದಿದ್ದರೆ ಕಾರಣ ಅಲ್ಲೇ ಮುಚ್ಚಿಹೋಗಿರುತ್ತದೆ. ಪರಾಗವನ್ನೂ ನೋಡು. ನಾಳೆ ಅರಳಲಿರುವ ಹೂವೊಂದನ್ನು ತೆಗೆದುಕೊಂಡು, ಪರಾಗವನ್ನು ಗಾಜಿನ ಮೇಲೆ ಅಯೋಡಿನ್ ದ್ರಾವಣಕ್ಕೆ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು. ಬದುಕಿರುವ ಪರಾಗ ಕಡು ನೀಲಿ-ಕಪ್ಪಾಗಿ ದುಂಡಗೆ ಕಾಣುತ್ತದೆ, ಸತ್ತದ್ದು ಬಣ್ಣ ಹಿಡಿಯದೆ ಮುದುರಿರುತ್ತದೆ. ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಗಳಿಗೆ ಅದು.

ಮಾರ್ಕರ್ ಬೇಡವೇ ಬೇಡ ಅಂತಲ್ಲ. ಕೂಡಿಸಬಹುದಾದ ಜೋಡಿಗಳು ನೂರಾರು ಇದ್ದಾಗ ಎಲ್ಲವನ್ನೂ ಗದ್ದೆಗೆ ಇಳಿಸಲು ಆಗುವುದಿಲ್ಲ. ಒಂದೇ ಅಜ್ಜನ ಮೊಮ್ಮಕ್ಕಳನ್ನು ಕೂಡಿಸಿ ಒಂದು ಹಂಗಾಮು ಕಳೆಯುವುದನ್ನು ಮಾರ್ಕರ್ ತಪ್ಪಿಸುತ್ತದೆ. ನಮ್ಮ ಕಾಲದಲ್ಲಿ ಇದಕ್ಕೆ ಪಿ.ಸಿ. ಮಹಾಲನೋಬಿಸ್ 1936ರಲ್ಲಿ ಕೊಟ್ಟ ಡಿ-ಸ್ಕ್ವೇರ್ ಲೆಕ್ಕ ಹಾಕುತ್ತಿದ್ದೆವು. ಎತ್ತರ, ತೆಂಡೆ, ತೆನೆ ಉದ್ದ, ಕಾಳಿನ ತೂಕ ಎಲ್ಲ ಅಳೆದು ತಳಿಗಳನ್ನು ಗುಂಪು ಮಾಡುವ ಲೆಕ್ಕ ಅದು. ಇಂದಿಗೂ ಅದನ್ನು ಬಿಡಬೇಡ. ಡಿಎನ್‌ಎ ಗುಂಪು, ಡಿ-ಸ್ಕ್ವೇರ್ ಗುಂಪು, ವಂಶಾವಳಿ ಮೂರನ್ನೂ ಪಕ್ಕಪಕ್ಕ ಇಡು. ಮೂರೂ ಒಪ್ಪಿದ, ಮಧ್ಯಮದಿಂದ ಸ್ವಲ್ಪ ಮೇಲಿನ ದೂರದ ಜೋಡಿಗಳಿಂದ ಶುರು ಮಾಡು. ಆಮೇಲೆ ಪ್ರತಿ ಹೆಣ್ಣು ಸಾಲಿಗೂ ಪ್ರತಿ ಗಂಡು ಸಾಲನ್ನು ಕೂಡಿಸಿ ಯಾವುದು ಯಾರ ಜೊತೆ ಹೊಂದುತ್ತದೆ ಅಂತ ಗದ್ದೆಯಲ್ಲೇ ನೋಡು. ಕೊನೆಯ ತೀರ್ಪು ಗದ್ದೆಯದ್ದು.

ಚೀನಾದ ಉದಾಹರಣೆ ನಿನ್ನ ಪ್ರಬಂಧಕ್ಕೆ ಉಪಯೋಗಕ್ಕೆ ಬರಬಹುದು. ಅಲ್ಲಿ ಬಹಳ ಕಾಲ ಮೆರೆದ ಶಾನ್ಯೂ-63 ಹೈಬ್ರಿಡ್ಡಿನ ತಾಯಿ ಝೆನ್‌ಶಾನ್-97, ದಕ್ಷಿಣ ಚೀನಾದ ಬೇಗ ಬರುವ ಇಂಡಿಕಾ. ತಂದೆ ಮಿಂಗ್‌ಹುಯಿ-63. ಇದರ ಒಂದು ಬೇರು ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಐಆರ್-30ರಲ್ಲಿದೆ. ಎರಡೂ ಇಂಡಿಕಾವೇ. ಆದರೆ ಬೇರೆ ಬೇರೆ ಸೀಮೆಯಲ್ಲಿ, ಬೇರೆ ಬೇರೆ ಕೈಗಳಲ್ಲಿ ಬೆಳೆದವು. ಹೊಂದಿಕೆ ಕೆಡದಷ್ಟು ಹತ್ತಿರ, ಹುರುಪು ಬರುವಷ್ಟು ದೂರ.

ಮೈಸೂರು ಕುವೆಂಪುನಗರದಿಂದ ಗೃಹಿಣಿಯೊಬ್ಬರು: ನಮ್ಮ ಊರಿಂದ ಹೈಬ್ರಿಡ್ ಅಕ್ಕಿ ತಂದಿದ್ವಿ. ಅನ್ನ ಮುದ್ದೆ ಮುದ್ದೆ ಆಗುತ್ತೆ, ಏನೋ ಒಂಥರಾ ವಾಸನೆ. ಹೈಬ್ರಿಡ್ ಅಂದ್ರೆ ಹೀಗೇನಾ?

ಹೀಗೇ ಇರಬೇಕೆಂದಿಲ್ಲಮ್ಮ. ಕಾರಣ ತಾಯಿ ತಳಿಯಲ್ಲಿದೆ. ನಮ್ಮ ದೇಶದ ಶುರುವಿನ ಹೈಬ್ರಿಡ್‌ಗಳಲ್ಲಿ ಬಹುಪಾಲಿಗೆ ತಾಯಿ ಐಆರ್-58025ಎ. ಮಂಡ್ಯದ ಕೆಆರ್‌ಎಚ್-2ಕ್ಕೂ ಅದೇ ತಾಯಿ. ಅದಕ್ಕೆ ನಸು ಪರಿಮಳ ಇದೆ, ಅನ್ನ ಸ್ವಲ್ಪ ಅಂಟು. ಉದುರುದುರು ಅನ್ನಕ್ಕೆ ಸಾರು ಕಲಸಿ ಉಣ್ಣುವ ನಮಗೆ ಅದು ಹಿಡಿಸಲಿಲ್ಲ.

ಇಲ್ಲಿ ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಹೈಬ್ರಿಡ್ ಗದ್ದೆಯಲ್ಲಿ ಪೈರೆಲ್ಲ ಒಂದೇ ಥರ ಇರುತ್ತದೆ. ಆದರೆ ತೆನೆಯ ಕಾಳು ಮುಂದಿನ ಪೀಳಿಗೆ. ನಾವು ಉಣ್ಣುವುದು ಆ ಕಾಳನ್ನು. ತಂದೆಯ ಅನ್ನ ಉದುರು, ತಾಯಿಯ ಅನ್ನ ಅಂಟು ಆಗಿದ್ದರೆ ಒಂದೇ ತೆನೆಯಲ್ಲಿ ಉದುರು ಕಾಳೂ, ಅಂಟು ಕಾಳೂ, ನಡುವಿನವೂ ಬೆರೆತಿರುತ್ತವೆ. ಪಾತ್ರೆಯಲ್ಲಿ ಒಂದಷ್ಟು ಬೆಂದು ಮುದ್ದೆಯಾಗುವಾಗ ಇನ್ನೊಂದಷ್ಟು ಬೆಂದಿರುವುದಿಲ್ಲ. ಅಕ್ಕಿಯ ಗುಣದಲ್ಲಿ ತಂದೆ ತಾಯಿ ಹತ್ತಿರ ಇರಬೇಕು ಅಂತ ಮೇಲೆ ಬರೆದದ್ದು ಇದಕ್ಕೇ. ದೆಹಲಿಯ ಪೂಸಾ ಸಂಸ್ಥೆಯವರು 2001ರಲ್ಲಿ ಬಿಡುಗಡೆ ಮಾಡಿದ ಪೂಸಾ ಆರ್‌ಎಚ್-10 ಪರಿಮಳದ ಸಣ್ಣಕ್ಕಿ ಹೈಬ್ರಿಡ್. ಅಲ್ಲಿ ಎರಡೂ ಕಡೆ ಅಕ್ಕಿಯ ಗುಣ ನೋಡಿಯೇ ಆರಿಸಿದ್ದರು.

ಮನೆಯಲ್ಲಿರುವ ಅಕ್ಕಿಗೆ ನೀರು ಸ್ವಲ್ಪ ಕಡಿಮೆ ಇಡಿ. ದೋಸೆ, ಇಡ್ಲಿಗೂ ಬಳಸಿ ನೋಡಿ. ಅನ್ನಕ್ಕೇ ಬೇಕೆಂದರೆ ಹಳೆಯದಾಗಲು ಕೆಲವು ತಿಂಗಳು ಬಿಡಿ, ಅಂಟು ಕಡಿಮೆಯಾಗುತ್ತದೆ.

ಮದ್ದೂರು ತಾಲ್ಲೂಕಿನ ಬೀಜ ಬೆಳೆಗಾರರು: ಎಲ್ಲ ಹೈಬ್ರಿಡ್ಡಿಗೂ ಒಂದೇ ತಾಯಿ ಅಂತ ಕೇಳಿದೆ. ಗಂಡು ಬೇರೆ ಬೇರೆ ಹಾಕ್ತೀವಲ್ಲ, ತಾಯಿ ಒಂದೇ ಆದ್ರೆ ಏನು ತೊಂದರೆ?

ನನ್ನನ್ನು ನಿಜಕ್ಕೂ ಕಾಡುವ ಪ್ರಶ್ನೆ ಇದು.

1970ರಲ್ಲಿ ಚೀನಾದ ಹೈನಾನ್ ದ್ವೀಪದಲ್ಲಿ ಹೈಬ್ರಿಡ್ ಭತ್ತದ ವಿಜ್ಞಾನಿ ಯುವಾನ್ ಲಾಂಗ್‌ಪಿಂಗ್ ಅವರ ತಂಡದ ಲಿ ಬಿಹು ಒಂದು ಕಾಡು ಭತ್ತದ ಗಿಡ ಕಂಡುಹಿಡಿದರು. ಅದರ ಪರಾಗ ಸತ್ತಿತ್ತು. ಆ ಗುಣ ಬರುವುದು ಜೀವಕೋಶದ ನಡುವಿನ ಕೇಂದ್ರದಿಂದಲ್ಲ. ಅದರ ಸುತ್ತಲಿನ ರಸದಲ್ಲಿರುವ ಮೈಟೋಕಾಂಡ್ರಿಯಾದಿಂದ. ಅದು ತಾಯಿಯಿಂದ ಮಾತ್ರ ಮಕ್ಕಳಿಗೆ ಹೋಗುತ್ತದೆ. 1976ರಿಂದ ಚೀನಾದ ರೈತರ ಗದ್ದೆಗೆ ಇಳಿದ ಹೈಬ್ರಿಡ್ ಭತ್ತ ನಿಂತದ್ದು ಆ ಗಿಡದ ಮೇಲೆ. ನಮ್ಮ ಐಆರ್-58025ಎಯಲ್ಲೂ ಇರುವುದು ಅದೇ ಡಬ್ಲ್ಯುಎ (ವೈಲ್ಡ್ ಅಬಾರ್ಟಿವ್, ಅಂದರೆ ಪರಾಗ ಸತ್ತ ಆ ಕಾಡು ಭತ್ತದ) ಮೂಲ. ನಮ್ಮಲ್ಲಿ ಹೈಬ್ರಿಡ್ ಭತ್ತದ ರಾಷ್ಟ್ರೀಯ ಯೋಜನೆ ಶುರುವಾದದ್ದು 1989ರಲ್ಲಿ. 1994ರ ಮೊದಲ ಹೈಬ್ರಿಡ್‌ಗಳಲ್ಲಿ ಮಂಡ್ಯದ ಕೆಆರ್‌ಎಚ್-1 ಇತ್ತು, 1996ರಲ್ಲಿ ಕೆಆರ್‌ಎಚ್-2 ಬಂತು. ಅದರ ತಂದೆ ಕೆಎಂಆರ್-3 ನಮ್ಮ ಮಂಡ್ಯದ್ದು. ಆ ಹೆಸರಿನಲ್ಲೇ ಕರ್ನಾಟಕವೂ ಇದೆ, ಮಂಡ್ಯವೂ ಇದೆ. ನನಗೆ ಈಗಲೂ ಹೆಮ್ಮೆ. ಹೀಗೆ ತಂದೆ ಬದಲಾಗುತ್ತಾ ಹೋಯಿತು, ತಾಯಿಯ ಮೂಲ ಬದಲಾಗಲಿಲ್ಲ.

ತೊಂದರೆ ಏನು ಅಂತ ಅಮೆರಿಕದ ಜೋಳದ ಬೆಳೆಗಾರರು ಅದೇ 1970ರಲ್ಲಿ ಕಂಡರು. ಅಲ್ಲಿನ ಮುಸುಕಿನ ಜೋಳದ ಹೈಬ್ರಿಡ್ ಬೀಜದಲ್ಲಿ ಬಹುಪಾಲು ಟೆಕ್ಸಾಸ್ ಮೂಲದ ಒಂದೇ ತಾಯಿ ರಸ ಹೊಂದಿತ್ತು. ಆ ರಸಕ್ಕೇ ತಗಲುವ ಎಲೆ ಅಂಗಮಾರಿ ರೋಗದ ಶಿಲೀಂಧ್ರ ಹರಡಿತು. ಒಂದೇ ವರ್ಷದಲ್ಲಿ ದೇಶದ ಬೆಳೆಯಲ್ಲಿ ಸುಮಾರು ಶೇ 15 ಹಾಳಾಯಿತು. ಗಂಡು ಸಾಲು ಎಷ್ಟು ಬೇರೆ ಬೇರೆ ಇದ್ದರೂ ಅದು ಕಾಪಾಡಲಿಲ್ಲ.

ಭತ್ತದ ಡಬ್ಲ್ಯುಎ ಮೂಲಕ್ಕೆ ಅಂಥದ್ದು ಇದುವರೆಗೆ ಆಗಿಲ್ಲ. ಆಗಿಲ್ಲ ಅಂತ ಸುಮ್ನೆ ಕೂರುವುದು ನನಗೆ ಒಪ್ಪಿಗೆಯಿಲ್ಲ. ಬೇರೆ ಮೂಲಗಳಿವೆ. ಚೀನಾದಲ್ಲಿ ಇನ್ನೊಂದು ಕಾಡು ಭತ್ತದಿಂದ ಬಂದ ಹಾಂಗ್‌ಲಿಯನ್ ಇದೆ. ಕಟಕ್‌ನ ಭತ್ತ ಸಂಶೋಧನಾ ಸಂಸ್ಥೆಯವರು ಕಳಿಂಗ-1 ತಳಿಯ ರಸದ ಹೆಣ್ಣು ಸಾಲು ಮಾಡಿದ್ದಾರೆ. ಎ, ಬಿ ಎರಡು ಸಾಲುಗಳ ಬದಲು ಒಂದೇ ಹೆಣ್ಣು ಸಾಲು ಸಾಕಾಗುವ ದಾರಿಯೂ ಇದೆ. 1973ರಲ್ಲಿ ಚೀನಾದ ಹುಬೈ ಪ್ರಾಂತ್ಯದಲ್ಲಿ ಸಿಕ್ಕ ಒಂದು ಗಿಡ ಹಗಲು ದೀರ್ಘವಾಗಿದ್ದಾಗ ಪರಾಗ ಕೊಡದೆ, ಹಗಲು ಕಿರಿದಾದಾಗ ಕೊಡುತ್ತಿತ್ತು. ಅಂಥ ತಳಿಗಳಿಗೆ ಬಿ ಲೈನ್ ಬೇಡ, ತಾಯಿ ರಸದ ಹಂಗೂ ಇಲ್ಲ. ಗಂಡು ಸಾಲಿಗೂ ಪರಾಗ ಬದುಕಿಸುವ ಜೀನ್ ಇರಬೇಕೆಂಬ ಕಟ್ಟುಪಾಡು ಇಲ್ಲ. ರಾಜಮುಡಿಯಿಂದ ಬಂದ ಗಿಡ್ಡ ತಳಿಗೂ ಆಗ ಬಾಗಿಲು ತೆರೆಯುತ್ತದೆ. ಆದರೆ ನಮ್ಮ ಕಡೆ ಹಗಲಿನ ಉದ್ದ ಅಷ್ಟೊಂದು ಬದಲಾಗುವುದಿಲ್ಲ. ಉಷ್ಣಾಂಶಕ್ಕೆ ಸ್ಪಂದಿಸುವ ತಳಿ ನಮಗೆ ಬೇಕಾಗುತ್ತದೆ. ಬಿಸಿಲು ಹೆಚ್ಚಿದಾಗ ಪರಾಗ ಸಾಯುತ್ತದೆ, ತಂಪಾದರೆ ಬದುಕುತ್ತದೆ. ಹೂವಿನ ಮುಂಚಿನ ವಾರಗಳಲ್ಲಿ ಹವಾ ಕೈಕೊಟ್ಟರೆ ಬೀಜದಲ್ಲಿ ಬೆರಕೆ ಬರುತ್ತದೆ ಅನ್ನುವ ಅಪಾಯವನ್ನು ಬೀಜ ಬೆಳೆಯುವ ನಿಮಗೆ ಮುಚ್ಚಿಡಲಾರೆ.

ಗಂಡು ಸಾಲಿನಲ್ಲೂ ಹೊಸ ರಕ್ತ ಬರುತ್ತಿದೆ. ಹೈದರಾಬಾದ್‌ನ ಭತ್ತ ಸಂಶೋಧನಾ ಸಂಸ್ಥೆಯವರು ನಮ್ಮ ಕೆಎಂಆರ್-3ಕ್ಕೆ ಕಾಡು ಭತ್ತದ ತುಣುಕುಗಳನ್ನು ಸೇರಿಸಿ ಇಳುವರಿ ಹೆಚ್ಚಿಸುವ ಜಾಗಗಳನ್ನು ಹುಡುಕಿದ್ದಾರೆ. ನಾಲೆ ಬದಿಯಲ್ಲಿ ಕಳೆ ಅಂತ ಕಿತ್ತೆಸೆಯುವ ಆ ಕಾಡು ಭತ್ತವನ್ನು ಇನ್ನು ಮುಂದೆ ಬೇರೆ ಕಣ್ಣಿನಿಂದ ನೋಡಿ. ಆದರೆ ಬೀಜದ ಗದ್ದೆಯೊಳಗೆ ಮಾತ್ರ ಅದಕ್ಕೆ ಜಾಗ ಕೊಡಬೇಡಿ!

ಪಾಂಡವಪುರ ತಾಲ್ಲೂಕಿನಿಂದ ಒಬ್ಬರು: ಅಮ್ಮ, ನಮ್ಮ ತಾತ ಬೆಳೀತಿದ್ದ ಕೆಂಪು ಭತ್ತ ಒಂದು ಮಡಕೆಯಷ್ಟು ಅಟ್ಟದ ಮೇಲೆ ಇದೆ. ಯಾರಿಗೂ ಹೆಸರು ಗೊತ್ತಿಲ್ಲ. ಈ ಹೈಬ್ರಿಡ್ ಕಾಲದಲ್ಲಿ ಇದರಿಂದ ಏನು ಉಪಯೋಗ?

ಅಯ್ಯೋ ತಮ್ಮಾ, ಮಡಕೆ ಮುಟ್ಟದೆ ಇನ್ನೊಂದು ವರ್ಷ ಬಿಡಬೇಡ. ಮೇಲೆ ನಾನು ಹೇಳಿದ ದೂರ ಎಲ್ಲಿಂದ ಬರುತ್ತದೆ ಅಂದುಕೊಂಡೆ? ಗಿಡ್ಡ ತಳಿಗಳಲ್ಲಿ ಬಹುಪಾಲು ಗಿಡ್ಡ ಗುಣವನ್ನು ಒಂದೇ ಮೂಲದಿಂದ ತಂದವು, ಹೈಬ್ರಿಡ್‌ಗಳ ತಾಯಿ ರಸವೂ ಬಹುಮಟ್ಟಿಗೆ ಒಂದೇ. ಹೊಸದು ಬರಬೇಕಾದರೆ ಇಂಥ ಮಡಕೆಗಳಿಂದ, ಕಾಡು ಭತ್ತದಿಂದ ಬರಬೇಕು. ಫಿಲಿಪ್ಪೀನ್ಸಿನ ಬೀಜ ಭಂಡಾರದಲ್ಲಿ 1,30,000ಕ್ಕೂ ಹೆಚ್ಚು ಭತ್ತದ ಮಾದರಿ ಇವೆ. ನಮ್ಮ ಕಿರುಗಾವಲಿನ ಸೈಯದ್ ಘನಿ ಖಾನ್ ತಮ್ಮ ಜಮೀನಿನಲ್ಲೇ ನೂರಾರು ತಳಿ ಬೆಳೆದು ಉಳಿಸುತ್ತಿದ್ದಾರೆ. ನಿನ್ನ ಭತ್ತ ಎರಡೂ ಕಡೆ ಇಲ್ಲದೆಯೂ ಇರಬಹುದಲ್ಲ.

ಮೊದಲು ಮೊಳಕೆ ನೋಡು. ನೂರು ಕಾಳು ಎಣಿಸಿ, ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡು. ಅಟ್ಟದ ಮೇಲಿನ ಬಿಸಿಗೆ ಭತ್ತದ ಜೀವ ಕೆಲವೇ ವರ್ಷಗಳಲ್ಲಿ ಕುಗ್ಗುತ್ತದೆ. ನೂರಕ್ಕೆ ಐದು ಬಂದರೂ ಬಿಸಾಡಬೇಡ, ಉಳಿದದ್ದನ್ನೆಲ್ಲ ನೆನೆಸಿ ಬಂದಷ್ಟು ಸಸಿಯನ್ನು ಒಂದೊಂದೇ ನಾಟಿ ಮಾಡು. ಗದ್ದೆಯ ಮೂಲೆಯಲ್ಲಿ, ಬೇರೆ ಭತ್ತದಿಂದ ಒಂದಿಷ್ಟು ಜಾಗ ಬಿಟ್ಟು. ಗೊಬ್ಬರ ಜಾಸ್ತಿ ಹಾಕಬೇಡ, ಮಲಗುತ್ತದೆ.

ತೆನೆ ಬಂದಾಗ ಚೆನ್ನಾಗಿ ಕಂಡ ಒಂದೇ ಗಿಡದಿಂದ ಬೀಜ ತೆಗೆಯಬೇಡ. ಹಳೆಯ ನಾಟಿ ಭತ್ತ ಒಳಗೊಳಗೇ ಹತ್ತಾರು ಬಗೆಯ ಮಿಶ್ರಣವಾಗಿರುತ್ತದೆ. ಬೆಳೆಯಲ್ಲಿ ನಾವು ಬೆರಕೆ ಅಂತ ತೆಗೆಯುವುದೇ ಇಲ್ಲಿ ಬೇಕಾದ ವಸ್ತು. ಎಲ್ಲ ಗಿಡದಿಂದಲೂ ಒಂದೊಂದು ತೆನೆ ಸೇರಿಸು. ನೆರಳಲ್ಲಿ ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ, ಮನೆಯ ತಂಪಾದ ಜಾಗದಲ್ಲಿ ಇಡು. ಡಬ್ಬಿಯೊಳಗೆ ಒಂದು ಚೀಟಿ ಬೇಕು: ಊರು, ತಾತನ ಹೆಸರು, ಯಾವ ಗದ್ದೆ, ಯಾವ ಹಂಗಾಮು, ಎಷ್ಟು ದಿನದ ಬೆಳೆ, ಮನೆಯಲ್ಲಿ ಅದನ್ನು ಏನಕ್ಕೆ ಬಳಸುತ್ತಿದ್ದರು. ಊರಿನ ವಯಸ್ಸಾದ ಹೆಂಗಸರನ್ನು ಕೇಳು. ಕಾಳು ಕೈಗೆ ಹಾಕಿದರೆ ಹೆಸರು ನೆನಪಾಗುವುದು ಅವರಿಗೇ.

ಒಂದು ಪಾಲನ್ನು ವಿ.ಸಿ. ಫಾರಂಗೆ ತಲುಪಿಸು. ರೈತರು ಉಳಿಸಿದ ತಳಿಯನ್ನು ಅವರ ಹೆಸರಿಗೇ ನೋಂದಾಯಿಸಲು 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ಅವಕಾಶ ಇದೆ, ಅದನ್ನೂ ಅಲ್ಲೇ ವಿಚಾರಿಸು. ಮೊಳಕೆ ಎಷ್ಟು ಬಂತು ಅಂತ ನನಗೆ ಒಂದು ಕಾಗದ ಹಾಕು.